ಮೇಧಾವಿ ಬಾಲರ ವಿದ್ಯಾಲಯಗಳೂ ಪಾಲಕರ ಅಧಿಕಾರವೂ

(೧)

ಮಲಪ್ರಭಾ, ಘಟಪ್ರಭಾ, ಕೃಷ್ಣಾ ನದಿಗಳ ನಡುವಣ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಪ್ರಾಂತವು ಶಾಸನಗಳಿಗೂ ದೇವಾಲಯಗಳಿಗೂ ಪ್ರಸಿದ್ಧವಾಗಿರುವಂತೆಯೇ ವಿದ್ಯಾಸ್ಥಾನಗಳಿಗೂ ಪ್ರಸಿದ್ಧವಾದುದು. ಬುದ್ಧಿಯಲ್ಲಿ ಮುಂದಾದ ಬಾಲರನ್ನು ಆರಿಸಿ, ಮನೆಯಿಂದ ಬೇರ್ಪಡಿಸಿ, ವಿಶೇಷ ಶಿಕ್ಷಣವನ್ನು ಕೊಡುವ ಪದ್ಧತಿಯು ಇಲ್ಲಿ ಹೊಸತಲ್ಲ. ಗುರುಕುಲ, ಮಠ, ಸೈನಿಕ ಶಾಲೆ, ನವೋದಯ ವಿದ್ಯಾಲಯ ಎಂದು ಕಾಲಾನುಗುಣವಾಗಿ ಹೆಸರುಗಳು ಬದಲಾಗಿವೆ. ಹೀಗೆ ಆಯ್ಕೆಯಾದ ಮಗುವನ್ನು ಕಳುಹಿಸಿಕೊಟ್ಟ ಬಳಿಕ ತಂದೆತಾಯಿಗಳಲ್ಲಿ ಉಳಿಯುವ ಅಧಿಕಾರವೆಷ್ಟು ಎಂಬುದೇ ಪ್ರಕೃತ ವಿಚಾರಣೀಯ ವಿಷಯ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಇಳಕಲ್ಲಿನ ನೇಕಾರನೊಬ್ಬನು ಹತ್ತು ವರ್ಷದ ಮಗಳ ಪರೀಕ್ಷೆಯ ಅರ್ಜಿಗೆ ಸಹಿ ಹಾಕುವಾಗ, ಅಥವಾ ಹುನಗುಂದದ ಒಕ್ಕಲಿಗಿತ್ತಿಯೊಬ್ಬಳು ಮಗನ ಪೆಟ್ಟಿಗೆಯನ್ನು ಕಟ್ಟಿ ವಸತಿಶಾಲೆಗೆ ಕಳುಹಿಸುವಾಗ, ತಾವು ಏನನ್ನು ಕೊಡುತ್ತಿದ್ದೇವೆ, ಏನನ್ನು ಇಟ್ಟುಕೊಂಡಿದ್ದೇವೆ ಎಂಬುದನ್ನು ಅವರಿಗೆ ತಿಳಿಸಿ ಹೇಳುವವರು ವಿರಳ. ನಮ್ಮ ಸ್ಮೃತಿಕಾರರು ಒಪ್ಪಿಸುವಿಕೆಯನ್ನು ಎರಡು ಬಗೆಯಾಗಿ ವಿಂಗಡಿಸಿರುವರು. ಕೊಟ್ಟವನ ಸ್ವತ್ವವು ಮುಗಿದುಹೋಗುವಂಥದು ದಾನ. ನಂಬಿಕೆಯಿಂದ ಇನ್ನೊಬ್ಬನ ವಶದಲ್ಲಿಟ್ಟು ಮರಳಿ ಪಡೆಯತಕ್ಕುದು ನಿಕ್ಷೇಪ. ವಿದ್ಯಾಲಯಕ್ಕೆ ಒಪ್ಪಿಸಿದ ಮಗುವು ದಾನವೋ ನಿಕ್ಷೇಪವೋ? ಈ ಪ್ರಾಂತದ ವಿದ್ಯಾಸ್ಥಾನಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಸೂತ್ರದಲ್ಲಿ ಪೋಣಿಸಿ ನೋಡಬಹುದಾಗಿದೆ.

(೨)

ಮೊದಲು ಧರ್ಮಶಾಸ್ತ್ರದ ನಿಲುವನ್ನು ನೋಡತಕ್ಕುದು. ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಬಾಲಕರಿಗೆ ಕ್ರಮವಾಗಿ ಎಂಟು, ಹನ್ನೊಂದು, ಹನ್ನೆರಡನೆಯ ವರ್ಷಗಳನ್ನು ಉಪನಯನಕಾಲವೆಂದು ವಿಧಿಸಿದ ಮನುವು, ವಿಶೇಷ ಫಲವನ್ನು ಬಯಸುವವರಿಗೆ ಐದು, ಆರು, ಎಂಟನೆಯ ವರ್ಷಗಳಲ್ಲಿಯೇ ಅದನ್ನು ಮಾಡಬಹುದೆಂದು ಹೇಳಿರುವನು. ಸಾಮಾನ್ಯ ಬಾಲರಿಗಿಂತ ಮುಂಚಿತವಾಗಿ ಗುರುಕುಲಪ್ರವೇಶವನ್ನು ಅನುಮತಿಸುವ ಈ ವಿಧಿಯೇ ನಮ್ಮಲ್ಲಿ ವಿಶೇಷ ಶಿಕ್ಷಣದ ಅತಿ ಪ್ರಾಚೀನವಾದ ನಿಯಮಗಳಲ್ಲಿ ಒಂದೆನ್ನಬಹುದು. ಆದರೆ ಐದು ವರ್ಷದ ಶಿಶುವಿಗೆ ಬ್ರಹ್ಮವರ್ಚಸ್ಸಿನ ಬಯಕೆ ಎಲ್ಲಿಂದ ಬಂದೀತು? ವ್ಯಾಖ್ಯಾನಕಾರನಾದ ಕುಲ್ಲೂಕಭಟ್ಟನು ಈ ಶಂಕೆಯನ್ನೆತ್ತಿ, ಬಾಲಕನಲ್ಲಿ ಅಂಥ ಕಾಮನೆ ಸಂಭವಿಸದಿದ್ದರೂ ಮಗನನ್ನು ಕುರಿತ ತಂದೆಯ ಕಾಮನೆಯನ್ನೇ ಮಗನಲ್ಲಿ ಆರೋಪಿಸಿ ಹೇಳಲಾಗಿದೆಯೆಂದು ಸಮಾಧಾನ ಹೇಳುತ್ತಾನೆ. ಮಗುವಿನ ಹೆಸರಿನಲ್ಲಿ ಇಚ್ಛಿಸುವವನು ಪಾಲಕನೆಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ.

ಹಾಗೆಂದು ಈ ಅಧಿಕಾರವು ನಿರಂಕುಶವಲ್ಲ. ಕುಟುಂಬಕ್ಕೆ ಬಾಧೆಯಾಗದಂತೆ ತನ್ನ ಸ್ವತ್ತನ್ನು ಕೊಡಬಹುದೆಂದು ಹೇಳಿದ ಯಾಜ್ಞವಲ್ಕ್ಯನು, ಕೊಡಬಾರದವುಗಳಲ್ಲಿ ಹೆಂಡತಿಯನ್ನೂ ಮಗನನ್ನೂ ಸೇರಿಸಿರುವನು. ವಸಿಷ್ಠನು ದತ್ತಕದ ಪ್ರಸಂಗದಲ್ಲಿ ಮಗನನ್ನು ಕೊಡುವ ಸಾಮರ್ಥ್ಯವನ್ನು ತಂದೆತಾಯಿಗಳಿಗೆ ಒಪ್ಪಿದರೂ ಒಬ್ಬನೇ ಮಗನನ್ನು ಕೊಡಲೂ ಕೂಡದು, ತೆಗೆದುಕೊಳ್ಳಲೂ ಕೂಡದು ಎಂದು ನಿಷೇಧಿಸಿರುವನು. ಆದುದರಿಂದ ಗುರುವಿಗೆ ಶಿಷ್ಯನನ್ನು ಒಪ್ಪಿಸುವುದನ್ನು ದಾನವೆಂದು ಎಣಿಸಲಾಗದು. ಸಮಾವರ್ತನವಾದ ಮೇಲೆ ಬ್ರಹ್ಮಚಾರಿಯು ಮನೆಗೆ ಮರಳುವುದೇ ಸಾಮಾನ್ಯಕ್ರಮವಾಗಿತ್ತು. ಇದು ನಿಕ್ಷೇಪಕ್ಕೆ ಸಮೀಪವಾದುದು.

ನಿಕ್ಷೇಪದ ನಿಯಮಗಳಾದರೋ ಕಟ್ಟುನಿಟ್ಟಾದುವು. ಇಟ್ಟವನು ಕೇಳಿದಾಗ ಮರಳಿಸಬೇಕು. ರಾಜ, ದೈವ, ಚೋರರಿಂದಾದ ನಾಶಕ್ಕೆ ಇಟ್ಟುಕೊಂಡವನು ಹೊಣೆಯಲ್ಲದಿದ್ದರೂ, ಕೇಳಿದ ಮೇಲೆಯೂ ಕೊಡದೆ ನಾಶವಾದರೆ ಹೊಣೆಯಾಗುವನು. ಸ್ವೇಚ್ಛೆಯಿಂದ ಅದನ್ನು ಉಪಯೋಗಿಸಿಕೊಂಡರೆ ದಂಡ್ಯನಾಗುವನು. ಇದು ಯಾಜ್ಞವಲ್ಕ್ಯನ ಮತ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಹೀಗಾಗಿ ಈ ವ್ಯವಹಾರಶಾಸ್ತ್ರವು ಕನ್ನಡನಾಡಿಗೆ ಹೊರಗಿನದೆಂದು ಯಾರೂ ಹೇಳಲಾರರು.

(೩)

ಶಾಸನಗಳಿಂದ ತಿಳಿದುಬರುವ ವಿದ್ಯಾಲಯಗಳಲ್ಲಿ ಸಾಲೋಟಗಿಯದು ಈ ಸಂದರ್ಭದಲ್ಲಿ ಉಪಯುಕ್ತವಾದುದು. ಅದು ಬಾಗಲಕೋಟೆಯನ್ನೂ ಒಳಗೊಂಡಿದ್ದ ಹಳೆಯ ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಗ್ರಾಮ. ಶಾಸನದಲ್ಲಿ ಅದರ ಹೆಸರು ಪಾವಿಟ್ಟಗೆ. ಕ್ರಿ. ಶ. ೯೪೫ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ವಾಸಿಸುತ್ತಿದ್ದರು. ಅವರ ನಿವಾಸಕ್ಕೂ ದೀಪಕ್ಕೂ ಉಪಾಧ್ಯಾಯನ ಜೀವನಕ್ಕೂ ಭೂಮಿಯು ದತ್ತವಾಗಿತ್ತು. ಇದಲ್ಲದೆ ಊರವರು ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯಗಳಂತೆ ಶಾಲೆಗೆ ಸಲ್ಲಿಸಬೇಕೆಂಬ ಏರ್ಪಾಡೂ ಇದ್ದಿತು.

ಈ ಏರ್ಪಾಡಿನ ಅರ್ಥವನ್ನು ಮನನ ಮಾಡತಕ್ಕುದು. ತಮ್ಮ ಮಕ್ಕಳ ಸಂಸ್ಕಾರಗಳಲ್ಲಿ ಹಣ ಸಲ್ಲಿಸುತ್ತಿದ್ದವರು ಪಾವಿಟ್ಟಗೆಯ ತಂದೆತಾಯಿಗಳು. ಅದರ ಫಲವನ್ನು ಪಡೆಯುತ್ತಿದ್ದವರಲ್ಲಿ ದೂರದೇಶದ ಮಕ್ಕಳೂ ಇದ್ದರು. ಸಾರ್ವಜನಿಕ ವಿದ್ಯಾಲಯವೆಂಬುದರ ಲಕ್ಷಣವೇ ಇದು. ತನ್ನ ಮಗುವು ಆಯ್ಕೆಯಾಗದಿದ್ದ ತಂದೆಯೂ ಅದರ ಭಾರವನ್ನು ಹೊರುವನು. ಪಾಲಕರ ಅಧಿಕಾರವನ್ನು ವಿಚಾರಿಸುವಾಗ ಒಳಗೆ ಹೋದ ಮಕ್ಕಳ ಪಾಲಕರನ್ನು ಮಾತ್ರ ಗಣಿಸಿದರೆ ಸಾಲದೆಂಬುದನ್ನು ಈ ಹತ್ತನೆಯ ಶತಮಾನದ ಶಿಲಾಲೇಖವು ಸೂಚಿಸುತ್ತದೆ.

ಇನ್ನೊಂದು ಪಕ್ಷವೂ ಉಂಟು. ಅದು ಮಗುವಿನ ಪಕ್ಷ. ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ಮನೆಯನ್ನು ತೊರೆದು ಬಂದರೆಂಬುದು ಪ್ರಸಿದ್ಧವಾದ ಐತಿಹ್ಯ. ಕಥನಗಳಲ್ಲಿ ವಯಸ್ಸು, ಕಾರಣ ಮೊದಲಾದ ವಿವರಗಳು ಭಿನ್ನವಾಗಿದ್ದರೂ, ಹಿರಿಯರು ನಿಶ್ಚಯಿಸಿದ ದಾರಿಯನ್ನು ಬಿಟ್ಟು ತನ್ನ ವಿದ್ಯಾಸ್ಥಾನವನ್ನು ತಾನೇ ಆರಿಸಿಕೊಂಡ ಬಾಲಕನ ಚಿತ್ರವು ಅವುಗಳಲ್ಲಿ ನಿಂತಿದೆ. ಕುಲ್ಲೂಕನು ಹೇಳಿದ ಆರೋಪಿತ ಕಾಮನೆಗೆ ಇದು ಪ್ರತ್ಯುದಾಹರಣೆ. ಮಗುವು ಚಿನ್ನದ ಗಂಟಿನಂತೆ ಅಚೇತನ ನಿಕ್ಷೇಪವಲ್ಲ. ಇಟ್ಟಲ್ಲಿ ಬೆಳೆಯುವ, ತಾನೇ ಮಾತಾಡುವ ನಿಕ್ಷೇಪ.

(೪)

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಪ್ರಾಂತದಲ್ಲಿ ಎರಡು ಸಂಸ್ಥೆಗಳು ಹುಟ್ಟಿದುವು. ೧೯೦೬ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ೧೯೦೯ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮೊದಲನೆಯದು ಊರಿನ ಮಕ್ಕಳಿಗೆ ಶಾಲೆಗಳನ್ನು ತೆರೆಯುವ ಮಾರ್ಗ. ಎರಡನೆಯದು ಯೋಗ್ಯರಾದ ವಟುಗಳನ್ನು ಆರಿಸಿ, ಸಂಸ್ಕೃತ, ಯೋಗ, ಶಾಸ್ತ್ರಗಳಲ್ಲಿ ತರಬೇತುಗೊಳಿಸಿ, ಮಠಗಳಿಗೆ ಯೋಗ್ಯ ಅಧಿಪತಿಗಳನ್ನು ಒದಗಿಸುವ ಮಾರ್ಗ.

ವಟುವಿನ ತಂದೆತಾಯಿಗಳು ಮಾಡುವುದು ದಾನಕ್ಕೆ ಸಮೀಪವಾದುದು. ಮಠಾಧಿಪತಿಯಾದವನು ಪೂರ್ವಾಶ್ರಮದ ಮನೆಗೆ ಮಗನಾಗಿ ಮರಳುವಂತಿಲ್ಲ. ಆದರೆ ಇಲ್ಲಿಯೂ ಕೊಡುವವರ ಒಪ್ಪಿಗೆಯೇ ಮೊದಲ ಮೆಟ್ಟಿಲು, ಮತ್ತು ಕೊಡುವಾಗಲೇ ಅದರ ಅಂತ್ಯವು ಅವರಿಗೆ ತಿಳಿದಿರುತ್ತದೆ. ಒಪ್ಪಿಗೆಯ ಘನತೆಯಿರುವುದು ಈ ತಿಳಿವಿನಲ್ಲಿಯೇ.

ಕುಮಾರಸ್ವಾಮಿಗಳ ದೃಷ್ಟಿಯು ವಟುಗಳ ಮೇಲೆ ಮಾತ್ರ ಇರಲಿಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಒಬ್ಬ ಅಂಧ ಬಾಲಕನ ಗಾನಶಕ್ತಿಯನ್ನು ಅವರು ಗುರುತಿಸಿ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಪ್ರಖ್ಯಾತರಾದರು. ಪಂಚಾಕ್ಷರಿ ಗವಾಯಿಗಳ ಬಳಿಗೆ ಬಂದ ಪುಟ್ಟರಾಜ ಗವಾಯಿಗಳು ೧೯೧೪ರಲ್ಲಿ ಜನಿಸಿದವರು. ಶೈಶವದಲ್ಲಿಯೇ ತಂದೆಯನ್ನೂ ದೃಷ್ಟಿಯನ್ನೂ ಕಳೆದುಕೊಂಡಿದ್ದ ಅವರ ಪೋಷಣೆಯ ಹೊಣೆಯನ್ನು ಹೊತ್ತು ಗುರುವಿನ ವಶಕ್ಕೊಪ್ಪಿಸಿದವರು ಸೋದರಮಾವ. ಪಾಲಕನೆಂದರೆ ತಂದೆಯೊಬ್ಬನೇ ಅಲ್ಲ, ಮಗುವಿನ ಭಾರವನ್ನು ನಿಜವಾಗಿ ಹೊತ್ತವನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ೨೦೧೦ರವರೆಗೆ ಬಾಳಿದ ಪುಟ್ಟರಾಜರಿಂದ ನಾಡಿಗಾದ ಲಾಭವು ಸರ್ವವಿದಿತವಾಗಿದೆ.

(೫)

ಇದೇ ಕಾಲದಲ್ಲಿ ಸರಕಾರಗಳು ಬೇರೊಂದು ದಾರಿಯಿಂದ ಮನೆಯ ಹೊಸ್ತಿಲಿಗೆ ಬಂದುವು. ಬಡೋದೆಯ ಸಯಾಜಿರಾವ್ ಮಹಾರಾಜರು ೧೯೦೬ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಗೋಖಲೆಯವರು ೧೯೧೧ರಲ್ಲಿ ಇಡಿಯ ದೇಶಕ್ಕೆ ಅಂಥ ಮಸೂದೆಯನ್ನು ಮಂಡಿಸಿ ವಿಫಲರಾದರು. ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ೧೯೧೭ರಲ್ಲಿ ಅದನ್ನು ಸಾಧಿಸಿದರು. ವಿಜಾಪುರ ಜಿಲ್ಲೆಯು ಸೇರಿದ್ದ ಮುಂಬಯಿ ಪ್ರಾಂತಕ್ಕೆ ೧೯೨೩ರ ಪ್ರಾಥಮಿಕ ಶಿಕ್ಷಣ ಕಾಯಿದೆಯೂ ಬಳಿಕ ೧೯೪೭ರ ಕಾಯಿದೆಯೂ ಬಂದುವು. ಏಕೀಕರಣಾನಂತರ ೧೯೬೧ರ ಕಡ್ಡಾಯ ಶಿಕ್ಷಣ ಕಾಯಿದೆಯು ಮೈಸೂರು ರಾಜ್ಯಕ್ಕೆಲ್ಲ ಅನ್ವಯವಾಯಿತು.

ಇಂಥ ಕಾಯಿದೆಗಳಲ್ಲಿ ಪಾಲಕನು ಮುಖ್ಯವಾಗಿ ಕಾಣಿಸಿಕೊಳ್ಳುವುದು ಬಾಧ್ಯಸ್ಥನಾಗಿ. ಮಗುವನ್ನು ಶಾಲೆಗೆ ಕಳುಹಿಸದಿದ್ದರೆ ಅವನಿಗೆ ಆಜ್ಞೆ, ಮೀರಿದರೆ ದಂಡ. ಇದರ ಉದ್ದೇಶವು ಶ್ಲಾಘ್ಯವೇ. ಆದರೆ ಶಾಲೆಯೊಳಗೆ ಪಾಲಕನ ಮಾತಿಗೆ ಎಷ್ಟು ಬೆಲೆಯೆಂಬ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು ೧೯೨೫ರಲ್ಲಿ ಆರೆಗನ್ ಸಂಸ್ಥಾನದ ಒಂದು ಮೊಕದ್ದಮೆಯಲ್ಲಿ, ಮಗುವು ಕೇವಲ ರಾಜ್ಯದ ಸೃಷ್ಟಿಯಲ್ಲವೆಂದೂ ಅದರ ಶಿಕ್ಷಣವನ್ನು ನಿರ್ದೇಶಿಸುವ ಅಧಿಕಾರವು ಪಾಲಕರಿಗುಂಟೆಂದೂ ನಿರ್ಣಯಿಸಿತು. ೧೯೪೮ರ ಮಾನವ ಹಕ್ಕುಗಳ ವಿಶ್ವಘೋಷಣೆಯೂ ಮಕ್ಕಳಿಗೆ ಯಾವ ಬಗೆಯ ಶಿಕ್ಷಣವೆಂಬುದನ್ನು ಆರಿಸುವ ಪೂರ್ವಾಧಿಕಾರವನ್ನು ಪಾಲಕರಿಗೆ ಒಪ್ಪಿತು.

(೬)

ಸ್ವಾತಂತ್ರ್ಯಾನಂತರ ಸರಕಾರವೇ ಆಯ್ಕೆಯ ವಿದ್ಯಾಲಯಗಳನ್ನು ಸ್ಥಾಪಿಸತೊಡಗಿತು. ೧೯೬೧ರಲ್ಲಿ ಆರಂಭವಾದ ಸೈನಿಕ ಶಾಲೆಗಳ ಯೋಜನೆಯಲ್ಲಿ ವಿಜಾಪುರದ ಶಾಲೆಯು ೧೯೬೩ರ ಸೆಪ್ಟೆಂಬರ ೧೬ರಂದು ಪ್ರಾರಂಭವಾಯಿತು. ಆಗ ರಾಜ್ಯದ ಶಿಕ್ಷಣ ಸಚಿವರಾಗಿದ್ದ ಎಸ್. ಆರ್. ಕಂಠಿಯವರು ಬಾದಾಮಿ ತಾಲೂಕಿನ ಕೆರೂರಿನವರು, ಹುನಗುಂದ ಕ್ಷೇತ್ರದ ಪ್ರತಿನಿಧಿಗಳು. ಸೈನಿಕ ಶಾಲೆಗಳ ಬಾಗಿಲು ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ತೆರೆದುದು ೨೦೨೧ರಲ್ಲಿ. ಅಲ್ಲಿಯವರೆಗೆ ಹೆಣ್ಣುಮಗುವಿನ ಪಾಲಕರಿಗೆ ಅಲ್ಲಿ ಕೇಳುವ ಅಧಿಕಾರವೇ ಇರಲಿಲ್ಲ.

೧೯೮೬ರ ರಾಷ್ಟ್ರೀಯ ಶಿಕ್ಷಣನೀತಿಯಲ್ಲಿ ನಿರೂಪಿತವಾದ ನವೋದಯ ವಿದ್ಯಾಲಯಗಳ ಯೋಜನೆಯು ಇನ್ನೂ ವ್ಯಾಪಕವಾದುದು. ಜಿಲ್ಲೆಗೊಂದು ವಿದ್ಯಾಲಯ, ಆರನೆಯ ತರಗತಿಗೆ ಪರೀಕ್ಷೆಯ ಮೂಲಕ ಹೆಚ್ಚೆಂದರೆ ೮೦ ಮಕ್ಕಳ ಪ್ರವೇಶ, ೧೦೦ಕ್ಕೆ ೭೫ಕ್ಕೆ ಕಡಮೆಯಾಗದಷ್ಟು ಸ್ಥಾನಗಳು ಗ್ರಾಮೀಣರಿಗೆ, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ. ಮಗುವು ಅದೇ ಜಿಲ್ಲೆಯಲ್ಲಿ ಐದನೆಯ ತರಗತಿಯನ್ನು ಓದುತ್ತಿರಬೇಕು. ಪರೀಕ್ಷೆಗೆ ಎರಡನೆಯ ಬಾರಿ ಕುಳ್ಳಿರುವಂತಿಲ್ಲ. ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಊಟ, ವಸತಿ, ಪುಸ್ತಕಗಳು ಉಚಿತ. ೧೯೯೭ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದುದರಿಂದ ಇಲ್ಲಿಯ ಮಕ್ಕಳು ವಿಜಾಪುರದ ಮಕ್ಕಳೊಡನೆ ಸ್ಪರ್ಧಿಸುವುದು ತಪ್ಪಿತು. ಇದಲ್ಲದೆ ರಾಜ್ಯಸರಕಾರದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳೂ ಆರನೆಯ ತರಗತಿಗೆ ಪರೀಕ್ಷೆಯಿಂದಲೇ ಮಕ್ಕಳನ್ನು ಆರಿಸುತ್ತವೆ.

ನವೋದಯ ಯೋಜನೆಯ ಎರಡು ಅಂಗಗಳು ಪಾಲಕರ ದೃಷ್ಟಿಯಿಂದ ಮುಖ್ಯವಾದುವು. ಮೊದಲನೆಯದು ಭಾಷೆ: ಆರಂಭದ ತರಗತಿಗಳಲ್ಲಿ ಪ್ರಾದೇಶಿಕ ಭಾಷೆಯ ಮಾಧ್ಯಮವಿದ್ದು, ಮುಂದೆ ಗಣಿತ, ವಿಜ್ಞಾನಗಳು ಇಂಗ್ಲಿಷಿಗೂ ಸಮಾಜಶಾಸ್ತ್ರವು ಹಿಂದಿಗೂ ಹೊರಳುತ್ತವೆ. ಎರಡನೆಯದು ವಲಸೆ: ಒಂಬತ್ತನೆಯ ತರಗತಿಯಲ್ಲಿ ೧೦೦ಕ್ಕೆ ೩೦ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿಯೇತರ ಪ್ರಾಂತದಿಂದ ಹಿಂದೀ ಪ್ರಾಂತದ ವಿದ್ಯಾಲಯಕ್ಕೂ, ಅಲ್ಲಿಯವರನ್ನು ಇಲ್ಲಿಗೂ ಕಳುಹಿಸುವ ಪದ್ಧತಿ. ದೇಶೈಕ್ಯವು ಇದರ ಉದ್ದೇಶ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ವಲಸೆಯು ಯೋಜನೆಯ ಅಂಗವಾಗಿರುವುದರಿಂದ, ಹತ್ತು ವರ್ಷದ ಮಗುವಿಗಾಗಿ ಪ್ರವೇಶವನ್ನು ಪಡೆದವರು ಹದಿನಾಲ್ಕನೆಯ ವರ್ಷದ ಈ ಪ್ರಯಾಣವನ್ನೂ ಸೇರಿಸಿಯೇ ಪಡೆದಂತಾಗುತ್ತದೆ.

(೭)

ಈಗಿನ ಕಾಯಿದೆಯು ಪಾಲಕರಿಗೆ ಏನನ್ನು ಕೊಟ್ಟಿದೆ? ೧೮೯೦ರ ಪಾಲಕ-ಪಾಲ್ಯ ಕಾಯಿದೆಯು ಪಾಲ್ಯನ ಪೋಷಣೆ, ಆರೋಗ್ಯ, ಶಿಕ್ಷಣಗಳನ್ನು ನೋಡಿಕೊಳ್ಳುವುದನ್ನು ಪಾಲಕನ ಕರ್ತವ್ಯವೆಂದಿತು. ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆಯ ಕಾಯಿದೆಯು ತಂದೆಯನ್ನೂ ಅವನ ನಂತರ ತಾಯಿಯನ್ನೂ ಸಹಜ ಪಾಲಕರೆಂದು ಹೇಳಿ, ಮಗುವಿನ ಹಿತವೇ ಪರಮವೆಂದು ವಿಧಿಸಿತು. ನಂತರವೆಂಬ ಆ ಪದಕ್ಕೆ ತಂದೆಯ ಮರಣಾನಂತರವೆಂದು ಮಾತ್ರ ಅರ್ಥಮಾಡಲಾಗದು, ಮಗುವಿನ ಯೋಗಕ್ಷೇಮದಿಂದ ತಂದೆಯು ದೂರನಾಗಿರುವಾಗಲೂ ತಾಯಿಯು ಪಾಲಕಳೇ ಎಂದು ಸರ್ವೋಚ್ಚ ನ್ಯಾಯಾಲಯವು ೧೯೯೯ರಲ್ಲಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ವ್ಯಾಖ್ಯಾನಿಸಿತು. ಗಂಡನು ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಹೋಗಿರುವ ಮನೆಯಲ್ಲಿ ಈ ವ್ಯಾಖ್ಯಾನದ ಬೆಲೆಯು ದೊಡ್ಡದು.

ಭಾಷೆಯ ವಿಷಯದಲ್ಲಿ ಕರ್ನಾಟಕದ ಮೊಕದ್ದಮೆಯೇ ದೇಶಕ್ಕೆ ಪ್ರಮಾಣವಾಯಿತು. ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯ ಅಥವಾ ಕನ್ನಡದ ಮಾಧ್ಯಮವನ್ನು ವಿಧಿಸಿದ ೧೯೯೪ರ ಸರಕಾರದ ಆಜ್ಞೆಯನ್ನು ಕುರಿತು ೨೦೧೪ರ ಮೇ ೬ರಂದು ಸಂವಿಧಾನಪೀಠವು, ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯವು ಮಗುವಿನದೆಂದೂ ಮಗುವಿನ ಪರವಾಗಿ ಅದನ್ನು ಚಲಾಯಿಸುವವರು ಪಾಲಕರೆಂದೂ ತೀರ್ಪಿತ್ತಿತು. ಕನ್ನಡಾಭಿಮಾನಿಗಳಿಗೆ ಈ ತೀರ್ಪು ನೋವನ್ನುಂಟುಮಾಡಿದುದು ನಿಜ. ಆದರೆ ಅದರ ತರ್ಕವು ಕುಲ್ಲೂಕಭಟ್ಟನ ತರ್ಕವೇ ಆಗಿದೆ. ವಿಚಿತ್ರವೆಂದರೆ, ಹಣ ತೆತ್ತು ಖಾಸಗಿ ಶಾಲೆಗೆ ಕಳುಹಿಸುವ ಪಾಲಕನಿಗೆ ಉಪಯೋಗವಾಗುವಷ್ಟು ಈ ಅಧಿಕಾರವು ಉಚಿತ ವಸತಿವಿದ್ಯಾಲಯಕ್ಕೆ ಕಳುಹಿಸುವ ಬಡ ಪಾಲಕನಿಗೆ ಉಪಯೋಗವಾಗದು. ಅವನಿಗೆ ವಿದ್ಯಾಲಯದೊಡನೆ ಅದರ ಭಾಷಾಕ್ರಮವೂ ಕಟ್ಟಿಯೇ ಬರುತ್ತದೆ.

೨೦೦೨ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಯೂ, ಅದಕ್ಕೆ ಅವಕಾಶ ಒದಗಿಸುವುದನ್ನು ಪಾಲಕರ ಮೂಲಭೂತ ಕರ್ತವ್ಯವನ್ನಾಗಿಯೂ ಮಾಡಿತು. ಅದನ್ನು ಕಾರ್ಯಗತಗೊಳಿಸಿದ ೨೦೦೯ರ ಕಾಯಿದೆಯಲ್ಲಿ ನಾಲ್ಕು ಅಂಶಗಳು ಪ್ರಕೃತಕ್ಕೆ ಸಂಬಂಧಿಸಿವೆ. ಒಂದು, ಪ್ರವೇಶಕಾಲದಲ್ಲಿ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಸೋಸುವುದು ನಿಷಿದ್ಧ. ಆದರೂ ನಿರ್ದಿಷ್ಟ ವರ್ಗದ ಶಾಲೆಗಳೆಂದು ಕಾಯಿದೆಯೇ ಹೆಸರಿಸಿದ ನವೋದಯ, ಸೈನಿಕ ಶಾಲೆಗಳಲ್ಲಿ ಪರೀಕ್ಷೆಯು ಮುಂದುವರಿದಿದೆ. ಎರಡು, ಶಾಲಾ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಮೂರು, ದೈಹಿಕ ಶಿಕ್ಷೆಯೂ ಮಾನಸಿಕ ಹಿಂಸೆಯೂ ಕೂಡದು. ನಾಲ್ಕು, ಮಗುವು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬೇಕಾದಾಗ ಮುಖ್ಯೋಪಾಧ್ಯಾಯನು ವರ್ಗಾವಣೆಯ ಪತ್ರವನ್ನು ಒಡನೆಯೇ ಕೊಡತಕ್ಕುದು.

ಈ ನಾಲ್ಕನೆಯದೇ ನಿಕ್ಷೇಪವನ್ನು ಮರಳಿ ಕೇಳುವ ಅಧಿಕಾರ. ಆಯ್ಕೆಯ ವಿದ್ಯಾಲಯದಿಂದ ಊರ ಶಾಲೆಗೆ ಮಗುವನ್ನು ಕರೆತರುವುದು ಪಾಲಕರ ಹಕ್ಕು. ಊರ ಶಾಲೆಯಿಂದ ಅಲ್ಲಿಗೆ ವರ್ಗಾವಣೆಯನ್ನು ಕೇಳುವ ಹಕ್ಕು ಮಾತ್ರ ಇಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಈ ಕಾಯಿದೆಯ ರಕ್ಷಣೆಯು ಎಂಟನೆಯ ತರಗತಿಯೊಡನೆ ಮುಗಿಯುತ್ತದೆ. ನವೋದಯದ ವಲಸೆಯಾದರೋ ಒಂಬತ್ತನೆಯ ತರಗತಿಯಲ್ಲಿ ಬರುತ್ತದೆ. ಮಗುವು ಅತ್ಯಂತ ದೂರ ಹೋಗುವ ವರ್ಷವೂ, ಪಾಲಕನ ಕೈಯಲ್ಲಿದ್ದ ಶಿಕ್ಷಣಕಾಯಿದೆಯು ಜಾರಿಹೋಗುವ ವರ್ಷವೂ ಒಂದೇ ಆಗಿದೆ. ಆಗ ಉಳಿಯುವುದು ಹದಿನೆಂಟರವರೆಗೆ ಸಲ್ಲುವ ಸಾಮಾನ್ಯ ಪಾಲಕತ್ವ ಮಾತ್ರ.

(೮)

ಕಾಯಿದೆಯ ಅಕ್ಷರವು ಹೀಗಿದ್ದರೆ ಮನೆಯ ಸ್ಥಿತಿಯು ಹೇಗಿದೆ? ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಯೆಳೆಯಾಗಿ ಕೊಂಡಿ ಕೂಡಿಸುವ ಕೆಲಸವಿದೆ. ಮಗ್ಗದ ಮನೆಯಲ್ಲಿ ಎಲ್ಲರ ಕೈಗೂ ದುಡಿಮೆಯುಂಟು. ಬಾಲಕಾರ್ಮಿಕ ಕಾಯಿದೆಯ ೨೦೧೬ರ ತಿದ್ದುಪಡಿಯು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲೆಡೆ ನಿಷೇಧಿಸಿ, ಶಾಲೆಯ ವೇಳೆಯ ಹೊರಗೆ ಮನೆತನದ ಉದ್ಯೋಗದಲ್ಲಿ ನೆರವಾಗುವುದನ್ನು ಬಿಟ್ಟಿದೆ. ವಸತಿಶಾಲೆಗೆ ಹೋದ ಮಗುವಿಗೆ ರಜೆಯ ದಿನಗಳ ಹೊರತು ಅಂಥ ವೇಳೆಯೇ ಇಲ್ಲ. ನೇಕಾರನು ಕಳುಹಿಸುವಾಗ ಒಂದು ಜೊತೆ ಕೈಗಳನ್ನೂ, ತಂದೆಯಿಂದ ಮಗುವಿಗೆ ಇಳಿಯಬಹುದಾಗಿದ್ದ ಒಂದು ವಿದ್ಯೆಯನ್ನೂ ಕಳುಹಿಸಿಕೊಡುತ್ತಾನೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲಮನೆಗಳು ಮುಳುಗಿದ ಕುಟುಂಬಗಳಿಗಾದರೋ ಎರಡು ಹೊತ್ತಿನ ಊಟ ಸಹಿತವಾದ ಶಾಲೆಯನ್ನು ಬೇಡವೆನ್ನುವುದು ಸುಲಭವಲ್ಲ. ಬೇಡವೆನ್ನಲಾಗದ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆಯು ಎಷ್ಟರಮಟ್ಟಿಗೆ ಒಪ್ಪಿಗೆ?

ಹಿಂದೆ ಉಳಿದ ಶಾಲೆಯ ಗತಿಯೂ ವಿಚಾರಾರ್ಹ. ಕರ್ನಾಟಕದಲ್ಲಿ ೨೦೦೧ರಿಂದ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಸಮಿತಿಗಳು ಏರ್ಪಟ್ಟಿವೆ. ಅಲ್ಲಿ ಓದುವ ಮಕ್ಕಳ ತಂದೆತಾಯಿಗಳೇ ಅವುಗಳ ಪಾಲಕಸದಸ್ಯರು. ಚುರುಕಾದ ಮಗುವು ಆಯ್ಕೆಯಾಗಿ ಹೊರಟೊಡನೆ, ಊರ ಶಾಲೆಯಲ್ಲಿ ಬೇರೆ ಮಕ್ಕಳಿಲ್ಲದ ಪಾಲಕನ ಸದಸ್ಯತ್ವವೂ ಹೋಗುತ್ತದೆ. ಬಸ್ಸಿನಲ್ಲಿ ಒಂದು ದಿನವನ್ನು ಕಳೆದು ಹೋಗಿಬರಬೇಕಾದ ವಿದ್ಯಾಲಯದಲ್ಲಿ ಅವನ ಮಾತು ಅಷ್ಟೇ ಗಟ್ಟಿಯಾಗಿ ಕೇಳುವುದು ಕಷ್ಟ. ಹೀಗೆ ಊರು ಒಬ್ಬ ಶಿಷ್ಯನೊಡನೆ ಒಬ್ಬ ಹಿತಚಿಂತಕನನ್ನೂ ಕಳೆದುಕೊಳ್ಳುತ್ತದೆ. ಸಾಲೋಟಗಿಯಲ್ಲಿ ನಾಣ್ಯ ಸಲ್ಲಿಸಿದ ಊರವರಂತೆ, ಇಲ್ಲಿ ಉಳಿದ ಮಕ್ಕಳ ತಂದೆತಾಯಿಗಳೂ ಆಯ್ಕೆಯ ವಿದ್ಯಾಲಯಕ್ಕಾಗಿ 'ತೆರಿಗೆ' ತೆತ್ತಂತೆಯೇ ಸರಿ.

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಮಗುವನ್ನು ಒಪ್ಪಿಸುವ ಅಧಿಕಾರವು ಎಲ್ಲ ಕಾಲದಲ್ಲಿಯೂ ಪಾಲಕರದೇ ಆಗಿತ್ತು. ಒಪ್ಪಿಸಿದ ಬಳಿಕ ಉಳಿಯುವ ಅಧಿಕಾರವು ಮಾತ್ರ ಸಂಸ್ಥೆಯು ಆ ಒಪ್ಪಿಗೆಯನ್ನು ದಾನವೆಂದೆಣಿಸಿತೋ ನಿಕ್ಷೇಪವೆಂದೆಣಿಸಿತೋ ಎಂಬುದನ್ನು ಅವಲಂಬಿಸಿತ್ತು. ಸರಕಾರದ ವಿದ್ಯಾಲಯವು ಮಠವಲ್ಲ. ಅಲ್ಲಿ ಯಾರೂ ಮಗುವನ್ನು ದಾನ ಮಾಡುವುದಿಲ್ಲ. ಅದು ನಿಕ್ಷೇಪವಾದ ಮೇಲೆ ನಿಕ್ಷೇಪದ ಧರ್ಮಗಳು ಅಲ್ಲಿ ಸಲ್ಲಬೇಕು. ಭಾಷಾಕ್ರಮವನ್ನೂ ವಲಸೆಯನ್ನೂ ಸಹಿಗೆ ಮುಂಚೆಯೇ ತಂದೆತಾಯಿಗಳಿಬ್ಬರಿಗೂ ಅವರ ನುಡಿಯಲ್ಲಿ ತಿಳಿಸಿ ಹೇಳಬೇಕು. ವಲಸೆಯ ಕಾಲದಲ್ಲಿ ಹಳೆಯ ಸಹಿಯನ್ನೇ ನೆಚ್ಚದೆ ಹೊಸ ಒಪ್ಪಿಗೆಯನ್ನು ಕೇಳಬೇಕು. ಕೇಳಿದಾಗ ಮಗುವನ್ನೂ ಅದರ ಪತ್ರಗಳನ್ನೂ, ಯಾವ ತರಗತಿಯಲ್ಲಾದರೂ, ತಡವಿಲ್ಲದೆ ಮರಳಿಸಬೇಕು.

ಭಾರತವು ೧೯೯೨ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ತನ್ನನ್ನು ಕುರಿತ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೂ ಕೊಟ್ಟಿದೆ. ಹತ್ತನೆಯ ವರ್ಷದಲ್ಲಿ ತಂದೆಯ ಕಾಮನೆಯನ್ನು ಮಗುವಿನಲ್ಲಿ ಆರೋಪಿಸಬಹುದು. ಹದಿನಾಲ್ಕನೆಯ ವರ್ಷದಲ್ಲಿ ಆರೋಪಿಸುವ ಅಗತ್ಯವಿಲ್ಲ, ಮಗುವನ್ನೇ ಕೇಳಬಹುದು. ಚಿನ್ನವನ್ನು ಇಟ್ಟಂತೆಯೇ ಮರಳಿಸಬೇಕೆಂಬುದು ಸ್ಮೃತಿಯ ವಿಧಿ. ವಿದ್ಯೆಗೆಂದು ಇಟ್ಟ ಮಗುವು ಇಟ್ಟಂತೆಯೇ ಮರಳಿದರೆ ಅದು ವಿದ್ಯಾಲಯದ ದೋಷ. ಮನೆಯವರಿಗೆ ಗುರುತು ಸಿಗದಂತೆ ಮರಳಿದರೆ ಅದೂ ದೋಷವೇ. ಈ ಎರಡರ ನಡುವಣ ದಾರಿಯನ್ನು ವಿದ್ಯಾಲಯವೊಂದೇ ನಿರ್ಣಯಿಸಲಾಗದು. ಅಲ್ಲಿ ಮನೆಯವರ ಮಾತಿಗೂ ಮಗುವಿನ ಮಾತಿಗೂ ಸ್ಥಾನವಿರತಕ್ಕುದು.